ಗಾಜಿನೊಳಗಿನ ತೂಬು

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದ ಮೇಲೆ, ಕೆಂಚನಗುಡ್ಡವೆಂಬ ಊರಿದೆ. ನಾನು ಹುಟ್ಟಿ ಬೆಳೆದದ್ದು ಆ ಊರಿನಲ್ಲಿ. ನಮ್ಮ ಸೀಮೆಯ ಬತ್ತದ ಗದ್ದೆಗಳಿಗೆ ನೀರುಣಿಸುವ ಸಿರುಗುಪ್ಪ, ದೇಶನೂರು ಕಾಲುವೆಗಳು ವಿಜಯನಗರದ ಅರಸರ ಕಾಲದವು. ಬಾಲ್ಯದಲ್ಲಿ ನನಗೆ ಕಾಲುವೆಗಿಂತ ಹೆಚ್ಚಿನ ಬೆರಗನ್ನು ಉಂಟುಮಾಡುತ್ತಿದ್ದುದು ಅದರ ತೂಬು. ನೀರಗಂಟಿ ಬಂದು ತೂಬಿನ ಹಲಗೆಯನ್ನು ಗೇಣುದ್ದ ಎತ್ತಿದರೆ ನೀರು ಗದ್ದೆಯತ್ತ ನುಗ್ಗುತ್ತಿತ್ತು. ಬೆರಳುದ್ದ ಇಳಿಸಿದರೆ ತಗ್ಗುತ್ತಿತ್ತು. ನೀರಿನ ಬಲ ನೀರಗಂಟಿಯದಲ್ಲ, ನದಿಯದು. ಆದರೆ ಆ ಬಲ ಯಾವಾಗ, ಎಷ್ಟು ಹರಿಯಬೇಕೆಂಬುದು ಅವನ ಕೈಯ ಸಣ್ಣ ಚಲನೆಗೆ ಅಧೀನವಾಗಿತ್ತು.

ಮುಂದೆ ಕಾಲೇಜಿನಲ್ಲಿ ರೇಡಿಯೋ ವಾಲ್ವಿನ ತತ್ತ್ವವನ್ನು ಓದಿದಾಗ ನನಗೆ ಅದು ಹಳೆಯ ಪರಿಚಯವೆನಿಸಿತು. ಗಾಳಿಯನ್ನು ತೆಗೆದ ಗಾಜಿನ ಬುರುಡೆಯೊಳಗೆ ಕಾದ ಕ್ಯಾಥೋಡಿನಿಂದ ಎಲೆಕ್ಟ್ರಾನುಗಳು ಹೊರಟು ಪ್ಲೇಟಿನ ಕಡೆಗೆ ಹರಿಯುತ್ತವೆ. ನಡುವೆ ಗ್ರಿಡ್ ಎಂಬ ತಂತಿಯ ಜಾಲರಿ. ಅದರ ಮೇಲಿನ ಅಲ್ಪ ವೋಲ್ಟೇಜನ್ನು ಏರಿಳಿಸಿದರೆ ಪ್ಲೇಟಿಗೆ ಹೋಗುವ ದೊಡ್ಡ ಪ್ರವಾಹ ಅದೇ ಲಯದಲ್ಲಿ ಏರಿಳಿಯುತ್ತದೆ. ಜಾಲರಿಯೇ ತೂಬು, ಅದಕ್ಕೆ ಬಂದ ಹಾಡಿನ ಸಣ್ಣ ಅಲೆಯೇ ನೀರಗಂಟಿ. ನಮ್ಮ ಹಳ್ಳಿಗಳಲ್ಲಿ ಇದನ್ನು ‘ರೇಡಿಯೋ ಬಲ್ಬು’ ಎಂದೇ ಕರೆಯುತ್ತಿದ್ದರು.

ಮನೆಯಲ್ಲಿ ಕುಳಿತು ಸಂಗೀತ ಕೇಳಲು ಬೇಕಾದ ಆಂಪ್ಲಿಫೈಯರಿಗೆ ಯಾವ ವಾಲ್ವನ್ನು ಆರಿಸಬೇಕು, ಯಾವ ನಕ್ಷೆಯನ್ನು ಅನುಸರಿಸಬೇಕು ಎಂಬ ಪ್ರಶ್ನೆಗೆ ಸುಮಾರು ನೂರು ವರ್ಷಗಳ ಇತಿಹಾಸವಿದೆ. ಆ ಇತಿಹಾಸವನ್ನು ಸಾಮಾನ್ಯವಾಗಿ ಇಂಗ್ಲೆಂಡ್ ಅಮೆರಿಕಗಳ ಸಂಶೋಧಕರ ಕಥೆಯಾಗಿ ಹೇಳುತ್ತಾರೆ. ಅದು ಸತ್ಯವೇ. ಆದರೆ ಅರ್ಧ ಸತ್ಯ. ಉಳಿದರ್ಧವನ್ನು ನಾನು ಕಲಿತದ್ದು ಕೆಂಚನಗುಡ್ಡದ ನಮ್ಮ ಮನೆಯ ಪಡಸಾಲೆಯಲ್ಲಿ. ಎರಡನ್ನೂ ಒಟ್ಟಿಗೆ ಹೇಳುವುದು ಈ ಮಾತಿನ ಉದ್ದೇಶ.

ಇಂಗ್ಲೆಂಡಿನ ಫ್ಲೆಮಿಂಗ್ 1904ರಲ್ಲಿ ಎರಡು ಅಂಗಗಳ ವಾಲ್ವನ್ನು ರಚಿಸಿದನು. ಅದು ಒಂದೇ ದಿಕ್ಕಿಗೆ ತೆರೆಯುವ ಬಾಗಿಲಿನಂತಿತ್ತು. ವಾಲ್ವ್ ಎಂಬ ಹೆಸರು ಬಂದದ್ದು ಅದರಿಂದಲೇ. 1906ರ ಹೊತ್ತಿಗೆ ಅಮೆರಿಕದ ಲೀ ಡಿ ಫಾರೆಸ್ಟ್ ಮೂರನೆಯ ಅಂಗವನ್ನು ಸೇರಿಸತೊಡಗಿದನು. ಬಾಗಿಲು ತೂಬಾಯಿತು. ಟ್ರಯೋಡ್ ಎಂಬುದು ಇದೇ. ಟ್ರಯೋಡಿನ ಗುಣ ಸರಳತೆ; ದೋಷ ದುಂದುಗಾರಿಕೆ. ಅದು ನುಂಗುವ ವಿದ್ಯುತ್ತಿನಲ್ಲಿ ಬಹುಪಾಲು ಬಿಸಿಯಾಗಿ ಹೋಗಿ, ಧ್ವನಿಯಾಗಿ ಹೊರಬರುವುದು ಅಲ್ಪ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯ ಟೆಲ್ಲೆಜೆನ್ 1926ರಲ್ಲಿ ಐದು ಅಂಗಗಳ ಪೆಂಟೋಡನ್ನು ರೂಪಿಸಿದಾಗ ಈ ಕೊರತೆ ನೀಗಿತು. ಚಿಕ್ಕ ವಾಲ್ವಿನಿಂದ, ಕಡಿಮೆ ಖರ್ಚಿನಲ್ಲಿ, ಹೆಚ್ಚು ಧ್ವನಿ ದೊರೆಯಿತು. ಮನೆಮನೆಗೂ ರೇಡಿಯೋ ಬಂದುದರಲ್ಲಿ ಪೆಂಟೋಡಿನ ಪಾತ್ರ ದೊಡ್ಡದು.

ಆದರೆ ಅಗ್ಗದ ಧ್ವನಿಗೆ ಬೇರೊಂದು ಬೆಲೆ ತೆರಬೇಕಾಯಿತು. ಇದನ್ನು ಸಂಗೀತದ ಭಾಷೆಯಲ್ಲಿ ಹೇಳಿದರೆ ಸುಲಭವಾದೀತು. ಯಾವ ವಾಲ್ವೂ ಬಂದ ಸ್ವರವನ್ನು ಬಂದಂತೆಯೇ ಹಿಗ್ಗಿಸುವುದಿಲ್ಲ. ತನ್ನದೂ ಒಂದಿಷ್ಟು ಸೇರಿಸುತ್ತದೆ. ಟ್ರಯೋಡು ಸೇರಿಸುವುದು ಮುಖ್ಯವಾಗಿ ಎರಡನೆಯ ಅನುಸ್ವರ. ಷಡ್ಜಕ್ಕೆ ಅದು ತಾರಷಡ್ಜ. ಪೆಂಟೋಡು ಮೂರನೆಯದು, ಐದನೆಯದು, ಏಳನೆಯದು ಮುಂತಾದವನ್ನೂ ಧಾರಾಳವಾಗಿ ಸೇರಿಸುತ್ತದೆ. ಮೂರನೆಯದು ಪಂಚಮ, ಐದನೆಯದು ಗಾಂಧಾರ. ಇವೆರಡೂ ತಂಬೂರಿಯಲ್ಲೇ ಕೇಳಬರುವ ಸ್ವರಗಳಾದ್ದರಿಂದ ಕಿವಿ ಸಹಿಸೀತು. ಏಳನೆಯದು ಮಾತ್ರ ನಮ್ಮ ಯಾವ ಸ್ವರದ ಸ್ಥಾನದಲ್ಲೂ ನಿಲ್ಲುವುದಿಲ್ಲ. ಅಗ್ಗದ ಪೆಂಟೋಡ್ ಸೆಟ್ಟನ್ನು ದೊಡ್ಡದಾಗಿ ಹಾಕಿದಾಗ ಕಿವಿಗೆ ಚುಚ್ಚಿದಂತಾಗುವುದರ ಗುಟ್ಟು ಇದು.

ಇದಕ್ಕೆ ಎರಡು ಮದ್ದುಗಳು ದೊರೆತವು. ಮೊದಲನೆಯದು ಪುಷ್-ಪುಲ್. ಮರ ಕೊಯ್ಯುವವರು ಇಬ್ಬರು ಎದುರುಬದುರು ನಿಂತು ಒಂದೇ ಗರಗಸವನ್ನು ಎಳೆಯುವಂತೆ, ಎರಡು ವಾಲ್ವುಗಳು ಸರದಿಯಲ್ಲಿ ದುಡಿಯುವ ವ್ಯವಸ್ಥೆ. ಎರಡೂ ಸಮಬಲದವಾಗಿದ್ದರೆ ಎರಡನೆಯ, ನಾಲ್ಕನೆಯ ಅನುಸ್ವರಗಳು ಪರಸ್ಪರ ಅಳಿಸಿಹೋಗುತ್ತವೆ. ಎರಡನೆಯದು ನೆಗೆಟಿವ್ ಫೀಡ್‌ಬ್ಯಾಕ್. ಬೆಲ್ ಪ್ರಯೋಗಾಲಯದ ಹೆರಾಲ್ಡ್ ಬ್ಲ್ಯಾಕ್ 1927ರ ಆಗಸ್ಟ್ 2ರಂದು ಕೆಲಸಕ್ಕೆ ಹೋಗಲು ಹಡ್ಸನ್ ನದಿಯನ್ನು ದೋಣಿಯಲ್ಲಿ ದಾಟುತ್ತಿದ್ದಾಗ ಹೊಳೆದ ಈ ವಿಚಾರವನ್ನು ಕೈಯಲ್ಲಿದ್ದ ವೃತ್ತಪತ್ರಿಕೆಯ ಮೇಲೆಯೇ ಬರೆದಿಟ್ಟನು. ಹೊರಬಂದ ಧ್ವನಿಯ ಒಂದಂಶವನ್ನು ಹಿಂದಕ್ಕೆ ತಂದು, ಒಳಬರುವುದರೊಡನೆ ತಲೆಕೆಳಗಾಗಿ ಹೋಲಿಸಿ, ವ್ಯತ್ಯಾಸವನ್ನು ತಿದ್ದಿಕೊಳ್ಳುವ ಉಪಾಯ ಅದು. ಬಲ ಕುಗ್ಗುತ್ತದೆ. ತಪ್ಪು ಬಹಳ ಕುಗ್ಗುತ್ತದೆ.

ಈ ಎಲ್ಲ ತಿಳಿವಳಿಕೆಯೂ ಒಂದೆಡೆ ಕೂಡಿದ್ದು 1947ರಲ್ಲಿ. ಆ ವರ್ಷದ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆಯಲ್ಲಿ ವಿಲಿಯಂಸನ್ ಎಂಬ ತರುಣ ಎಂಜಿನಿಯರನ ಲೇಖನಗಳು ಪ್ರಕಟವಾದವು. ಕೆಟಿ 66 ಎಂಬ ಎರಡು ವಾಲ್ವುಗಳನ್ನು ಟ್ರಯೋಡುಗಳಂತೆ ಜೋಡಿಸಿ, ಪುಷ್-ಪುಲ್ಲಿನಲ್ಲಿ ದುಡಿಸಿ, ಧಾರಾಳ ಫೀಡ್‌ಬ್ಯಾಕ್ ಕೊಟ್ಟು, 15 ವ್ಯಾಟಿನಲ್ಲಿ ಶೇಕಡ 0.1ಕ್ಕಿಂತ ಕಡಿಮೆ ದೋಷವನ್ನು ಅವನು ಸಾಧಿಸಿದ್ದನು. ಲೋಕದ ನಾನಾ ಕಡೆ ಹವ್ಯಾಸಿಗಳು ಅದನ್ನು ಮನೆಯಲ್ಲೇ ಕಟ್ಟಿದರು. 1951ರಲ್ಲಿ ಅಮೆರಿಕದ ಹ್ಯಾಫ್ಲರ್ ಮತ್ತು ಕೆರೋಸ್ ‘ಅಲ್ಟ್ರಾಲೀನಿಯರ್’ ಎಂಬ ನಡುದಾರಿಯನ್ನು ಪ್ರಚಾರಕ್ಕೆ ತಂದರು. 1954ರಲ್ಲಿ ಮುಲ್ಲಾರ್ಡ್ ಕಂಪನಿ ಐದು ವಾಲ್ವುಗಳಿಂದ ಹತ್ತು ವ್ಯಾಟ್ ಕೊಡುವ ‘5-10’ ಎಂಬ ನಕ್ಷೆಯನ್ನು ಪ್ರಕಟಿಸಿತು. ಇಎಫ್ 86 ಒಂದು, ಇಸಿಸಿ 83 ಒಂದು, ಇಎಲ್ 84 ಎರಡು, ಏಕಮುಖ ಪ್ರವಾಹಕ್ಕೊಂದು ರೆಕ್ಟಿಫೈಯರ್. ಬಡವರಿಗಾಗಿ ಮೂರು ವಾಲ್ವು ಮೂರು ವ್ಯಾಟಿನ ‘3-3’ ಎಂಬುದೂ ಇತ್ತು.

ಇನ್ನು ನಮ್ಮ ನಾಡಿಗೆ ಬರೋಣ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಬೆಳೆದದ್ದು ಆ ಕೇಂದ್ರದಿಂದ. ಮೊದಲ ಪ್ರೇಷಕದ ಬಲ ಕೇವಲ 30 ವ್ಯಾಟ್. 1950ರ ಜನವರಿ 8ರಂದು ಧಾರವಾಡ ಕೇಂದ್ರ ಆರಂಭವಾದ ಮೇಲೆ ಬಳ್ಳಾರಿ ಸೀಮೆಯ ನಮಗೂ ಕನ್ನಡದ ಬಾನುಲಿ ಹತ್ತಿರವಾಯಿತು. ಆದರೆ ಕೇಳುವ ಯಂತ್ರಗಳು? ವಿದ್ಯುತ್ತಿಲ್ಲದ ಊರಿನಲ್ಲಿ 90 ವೋಲ್ಟಿನ ಡ್ರೈ ಬ್ಯಾಟರಿಯ ಸೆಟ್ಟು; ಅದರ ಡಿಎಲ್ 96 ವಾಲ್ವಿನಿಂದ ಬರುತ್ತಿದ್ದುದು ಕಾಲು ವ್ಯಾಟಿಗೂ ಕಡಿಮೆ. ವಿದ್ಯುತ್ತು ಬಂದ ಮೇಲೆ ಹಲವರು ಕೊಂಡದ್ದು ಎ.ಸಿ.-ಡಿ.ಸಿ. ಸೆಟ್ಟು. ಅದರಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತಿರಲಿಲ್ಲ; ಆದ್ದರಿಂದ ಬೆಲೆ ಕಡಿಮೆ. ಯುಸಿಎಚ್ 81, ಯುಎಲ್ 84, ಯುವೈ 85 ಮುಂತಾದ ವಾಲ್ವುಗಳ ಕಾವಿನ ತಂತಿಗಳನ್ನು ಹಾರದಂತೆ ಒಂದರ ಹಿಂದೊಂದು ಪೋಣಿಸಿ ನೇರವಾಗಿ ಕರೆಂಟಿಗೆ ಸೇರಿಸಿರುತ್ತಿದ್ದರು. ಒಂದರ ತಂತಿ ಕಡಿದರೆ ಎಲ್ಲವೂ ಆರಿಹೋಗುತ್ತಿದ್ದವು.

ವಾಲ್ವುಗಳ ವಿಷಯದಲ್ಲಿ ನಮ್ಮ ಭಾಗ್ಯ ತೆರೆದದ್ದು ಬೆಂಗಳೂರಿನಲ್ಲಿ. 1954ರಲ್ಲಿ ಸ್ಥಾಪಿತವಾದ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ 1961ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಫಿಲಿಪ್ಸಿನ ತಾಂತ್ರಿಕ ಸಹಕಾರ ಅದಕ್ಕಿತ್ತು. ಮರುವರ್ಷವೇ ಅಲ್ಲಿ ಜರ್ಮೇನಿಯಂ ಸಾಧನಗಳೂ ತಯಾರಾಗತೊಡಗಿದವು. ಎಂದರೆ ವಾಲ್ವೂ ಅದನ್ನು ಮೂಲೆಗೆ ತಳ್ಳಲಿದ್ದ ಟ್ರಾನ್ಸಿಸ್ಟರೂ ನಮ್ಮಲ್ಲಿ ಅಕ್ಕಪಕ್ಕದಲ್ಲೇ ಹುಟ್ಟಿದವು. ಹತ್ತು ವರ್ಷಗಳ ಅನಂತರ ನಾನು ಆಂಪ್ಲಿಫೈಯರ್ ಕಟ್ಟಲು ಹೊರಟಾಗ ಬಳ್ಳಾರಿಯ ಅಂಗಡಿಯಲ್ಲಿ ‘ಬಿಇಎಲ್’ ಎಂಬ ಅಕ್ಷರ ಮುದ್ರಿಸಿದ ಇಎಲ್ 84 ಸುಲಭವಾಗಿ ದೊರೆಯಿತು.

ಹಾಗೆ ಹೊರಡಲು ಕಾರಣವಿತ್ತು. ನನ್ನ ತಂದೆಯವರು ಶಾಲಾಮಾಸ್ತರರು; ಗಮಕವೆಂದರೆ ಪ್ರಾಣ. ನಮ್ಮ ಜಿಲ್ಲೆಯವರೇ ಆದ ಜೋಳದರಾಶಿ ದೊಡ್ಡನಗೌಡರ ವಾಚನವನ್ನು ಕೇಳಿದ ರಾತ್ರಿಗಳನ್ನು ಅವರು ಮತ್ತೆ ಮತ್ತೆ ನೆನೆಯುತ್ತಿದ್ದರು. 1973ರ ಹೊತ್ತಿಗೆ ಅವರ ದೃಷ್ಟಿ ಕುಂದಿತು. ಕುಮಾರವ್ಯಾಸನನ್ನು ತೆರೆದು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದರೇ ಹೊರತು ಓದಲಾಗುತ್ತಿರಲಿಲ್ಲ. ಉಳಿದದ್ದು ಕಿವಿಯೊಂದೇ. ಮನೆಯ ಎ.ಸಿ.-ಡಿ.ಸಿ. ಸೆಟ್ಟಿನಲ್ಲಿ ಹಾಡೇನೋ ಕೇಳುತ್ತಿತ್ತು. ಆದರೆ ಸಕಾರ ಶಕಾರಗಳು ಒಂದಾಗಿ, ಒತ್ತಕ್ಷರಗಳು ನುಂಗಿಹೋಗಿ, ಗಮಕದ ಅರ್ಥವೇ ಕೈತಪ್ಪುತ್ತಿತ್ತು. “ಮಾತು ಗೋಡೆಯಾಚೆಯಿಂದ ಬಂದ ಹಾಗಿದೆ” ಎನ್ನುತ್ತಿದ್ದರು. ನಾನು ಆಗ ಬಳ್ಳಾರಿಯಲ್ಲಿ ಬಿ.ಎಸ್‌ಸಿ. ವಿದ್ಯಾರ್ಥಿ. ತಂದೆಗೆ ಸ್ಫುಟವಾದ ಧ್ವನಿಯನ್ನು ಒದಗಿಸಬೇಕೆಂಬುದು ನನ್ನ ಹಟ; ಜೊತೆಗೆ ನನ್ನ ವಿದ್ಯೆಯನ್ನು ಮೆರೆಸಬೇಕೆಂಬ ಚಪಲವೂ ಇತ್ತೆಂಬುದನ್ನು ಮುಚ್ಚಿಡಲಾರೆ.

ಸಿರುಗುಪ್ಪದಲ್ಲಿ ರೇಡಿಯೋ ರಿಪೇರಿಯ ಮೇಸ್ತ್ರಿಯೊಬ್ಬರಿದ್ದರು. ಮೊದಲು ನಮ್ಮ ಹಳೆಯ ಸೆಟ್ಟಿನಿಂದಲೇ ತಂತಿ ಎಳೆದು ಹೊಸ ಆಂಪ್ಲಿಫೈಯರಿಗೆ ಕೊಡುತ್ತೇನೆಂದೆ. ಅವರು ಗದರಿಸಿದರು. ಆ ಸೆಟ್ಟಿನ ತಗಡಿನ ಚೌಕಟ್ಟೇ ಕರೆಂಟಿಗೆ ಸೇರಿರುವುದರಿಂದ ಮುಟ್ಟಿದವನ ಜೀವಕ್ಕೆ ಅಪಾಯ. ಟ್ರಾನ್ಸ್‌ಫಾರ್ಮರ್ ಇದ್ದ ಹಳೆಯ ಎ.ಸಿ. ಸೆಟ್ಟೊಂದನ್ನು ಅವರೇ ಹುಡುಕಿ ಕೊಟ್ಟರು. ಆಮೇಲೆ ನಾನು ‘5-10’ರ ನಕ್ಷೆಯನ್ನು ಅವರ ಮುಂದೆ ಹರಡಿದೆ. ಬಹಳ ಹೊತ್ತು ನೋಡಿ ಹೇಳಿದರು: “ನಕ್ಷೆ ಚೆಂದೈತಿ ತಮ್ಮಾ. ಆದ್ರ ಎಷ್ಟು ವ್ಯಾಟ್ ಬೇಕು ಅಂತ ಮೊದಲು ಕೇಳಬ್ಯಾಡ. ನಿಮ್ಮ ಮನ್ಯಾಗ ರಾತ್ರಿ ಎಷ್ಟು ವೋಲ್ಟ್ ಇರತೈತಿ, ಅದನ್ನ ಕೇಳು.” ನಾನು ಕೇಳಲಿಲ್ಲ. ಇಂಗ್ಲೆಂಡಿನವರು ಮೆಚ್ಚಿದ ನಕ್ಷೆಯ ಮುಂದೆ ಸಿರುಗುಪ್ಪದ ಮೇಸ್ತ್ರಿಯ ಮಾತು ನನಗೆ ಚಿಕ್ಕದಾಗಿ ಕಂಡಿತು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ದೂರದ ನಗರವೊಂದರ ಅಂಗಡಿಯಿಂದ ತರಿಸಿದೆ. ಆರು ವಾರ ದುಡಿದು ಕಟ್ಟಿದೆ. ದೀಪ ಹಚ್ಚುವ ಹೊತ್ತಿಗೆ ತಂದೆಯವರನ್ನು ಪಡಸಾಲೆಯಲ್ಲಿ ಕೂರಿಸಿ ಗುಂಡಿ ಒತ್ತಿದೆ. ವಾಲ್ವುಗಳು ಕಾದವು. ಕೂಡಲೆ ಸ್ಪೀಕರಿನಿಂದ ಊಳಿಡುವಂಥ ಶಬ್ದವೊಂದು ಹೊರಟು, ಇಎಲ್ 84ರ ಪ್ಲೇಟುಗಳು ಕೆಂಪಗೆ ಹೊಳೆಯತೊಡಗಿದವು. ಗಾಬರಿಯಿಂದ ಆರಿಸಿದೆ. ಕತ್ತಲಲ್ಲಿ ತಂದೆಯವರು ಮೆಲ್ಲಗೆ ಕೇಳಿದರು: “ಇದು ಯಾವ ರಾಗವಪ್ಪಾ?”

ದೋಷ ಎಲ್ಲಿತ್ತೆಂಬುದನ್ನು ಮರುದಿನ ಮೇಸ್ತ್ರಿ ತೋರಿಸಿದರು. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಕೆಲಸ ವಾಲ್ವನ್ನೂ ಸ್ಪೀಕರನ್ನೂ ಹೊಂದಿಸುವುದು. ಒಂಟಿ ಇಎಲ್ 84 ಬಯಸುವುದು ಸುಮಾರು 5,200 ಓಮಿನ ಹೊರೆ. ಸ್ಪೀಕರಿನದು 4 ಓಮ್. ಲೆಕ್ಕ ಹಾಕಿದರೆ ಒಳಸುರುಳಿಯ 36 ಸುತ್ತಿಗೆ ಹೊರಸುರುಳಿಯ ಒಂದು ಸುತ್ತು. ಪುಷ್-ಪುಲ್ಲಿನಲ್ಲಾದರೆ ಇದರ ಜೊತೆಗೆ ಎರಡು ಅರ್ಧಗಳೂ ಸರಿಸಮವಿರಬೇಕು. ಸುರುಳಿಗಳನ್ನು ಪದರಪದರವಾಗಿ ಒಂದರೊಳಗೊಂದು ಹೆಣೆದು ಸುತ್ತಿರಬೇಕು. ಹಾಗಿಲ್ಲದಿದ್ದರೆ ಎತ್ತರದ ಸ್ವರಗಳು ತಡವಾಗಿ ಹೊರಬರುತ್ತವೆ. ತಿದ್ದಲೆಂದು ಹಿಂದಕ್ಕೆ ಕಳುಹಿಸಿದ ಧ್ವನಿ ತಡವಾಗಿ ಬಂದು ತಪ್ಪನ್ನು ತಿದ್ದುವ ಬದಲು ಹೆಚ್ಚಿಸುತ್ತದೆ. ವಿಲಿಯಂಸನ್ ತನ್ನ ಲೇಖನದಲ್ಲಿ ಟ್ರಾನ್ಸ್‌ಫಾರ್ಮರನ್ನು ಸುತ್ತುವ ಬಗೆಯನ್ನು ಅಷ್ಟು ವಿವರವಾಗಿ ಕೊಟ್ಟದ್ದು ಇದಕ್ಕಾಗಿಯೇ. ನಾನು ನಕ್ಷೆಯ ಗೆರೆಗಳನ್ನು ಓದಿದ್ದೆ, ಕಬ್ಬಿಣವನ್ನು ಓದಿರಲಿಲ್ಲ. ನನಗೆ ಬಂದಿದ್ದ ಟ್ರಾನ್ಸ್‌ಫಾರ್ಮರಿನಲ್ಲಿ ಒಂದರ್ಧದ ಮೇಲೆ ಇನ್ನೊಂದರ್ಧವನ್ನು ಹಾಗೆಯೇ ಸುತ್ತಿದ್ದರು. ಮೇಸ್ತ್ರಿ ಹೇಳಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: “ನಕ್ಷೆ ಲಂಡನ್ನಿಂದ ಬರತೈತಿ ತಮ್ಮಾ. ಕಬ್ಬಣ ಬರೂದಿಲ್ಲ.”

ಎರಡನೆಯ ಆಂಪ್ಲಿಫೈಯರನ್ನು ಅವರ ಆಯ್ಕೆಯಂತೆ ಕಟ್ಟಿದೆವು. ಒಂದೇ ಇಎಲ್ 84. ಅದರ ಹಿಂದೆ ಒಂದು ಇಸಿಸಿ 83. ನಾನು ವ್ಯಾಟ್ ಕಡಿಮೆಯಾಯಿತೆಂದು ಮುಖ ಸಣ್ಣದು ಮಾಡಿದಾಗ ಅವರು ನಕ್ಕರು. ಹತ್ತು ವ್ಯಾಟ್ ಇದ್ದುದು ಐದಾದರೆ ಕಿವಿಗೆ ತಿಳಿಯುವ ವ್ಯತ್ಯಾಸ ಅಲ್ಪ. ಕೇಳುವವನಿಗೆ ಧ್ವನಿ ಎರಡರಷ್ಟು ಎನಿಸಬೇಕಾದರೆ ಬಲ ಸುಮಾರು ಹತ್ತರಷ್ಟಾಗಬೇಕು. ಇದು ಶಾಸ್ತ್ರದ ಮಾತು. ಮೇಸ್ತ್ರಿ ಅದನ್ನು ಅನುಭವದಿಂದ ಅರಿತಿದ್ದರು. ಉಳಿದ ಹಣವನ್ನು ಒಳ್ಳೆಯ ಸ್ಪೀಕರಿಗೂ ಅದರ ಮರದ ಪೆಟ್ಟಿಗೆಗೂ ಹಾಕಿಸಿದರು.

ಒಂಟಿ ವಾಲ್ವಿನ ಟ್ರಾನ್ಸ್‌ಫಾರ್ಮರಿನಲ್ಲಿ ಏಕಮುಖ ಪ್ರವಾಹ ಸದಾ ಹರಿಯುತ್ತಿರುವುದರಿಂದ ಕಬ್ಬಿಣ ಅಯಸ್ಕಾಂತತ್ವದಿಂದ ತುಂಬಿ ಜಡವಾಗುತ್ತದೆ. ಅದನ್ನು ತಪ್ಪಿಸಲು ತಗಡುಗಳ ನಡುವೆ ಕೂದಲೆಳೆಯಷ್ಟು ಸಂದು ಬಿಡಬೇಕು. ಮೇಸ್ತ್ರಿ ಸುತ್ತಲೂ ನೋಡಿ, ತಂದೆಯವರು ಬರೆದು ಅಂಚೆಗೆ ಹಾಕಲು ಮರೆತಿದ್ದ ಒಂದು ಪೋಸ್ಟ್‌ಕಾರ್ಡನ್ನು ಕತ್ತರಿಸಿ ಸಂದಿಗೆ ಸೇರಿಸಿದರು. ಟ್ರಾನ್ಸ್‌ಫಾರ್ಮರ್ ಸಾಧಾರಣದ್ದಾದ್ದರಿಂದ ಫೀಡ್‌ಬ್ಯಾಕನ್ನು ಊಟದಲ್ಲಿ ಉಪ್ಪಿನಷ್ಟೇ ಕೊಟ್ಟರು.

ವೋಲ್ಟೇಜಿನ ಸಮಸ್ಯೆ ಉಳಿದಿತ್ತು. ಬತ್ತದ ಹಂಗಾಮಿನಲ್ಲಿ ಹೊಳೆಯ ದಡದ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಓಡಿದರೆ 230 ಇರಬೇಕಾದ ವೋಲ್ಟು 170ಕ್ಕೆ ಇಳಿಯುತ್ತಿತ್ತು. ಆಗ ವಾಲ್ವಿನ ಕಾವಿನ ತಂತಿಗೆ 6.3 ವೋಲ್ಟಿನ ಬದಲು ದೊರೆಯುವುದು 4.7. ಹೆಚ್ಚೆಂದರೆ ಹತ್ತನೆಯ ಒಂದು ಪಾಲು ವ್ಯತ್ಯಾಸವನ್ನು ಸಹಿಸುವ ಕ್ಯಾಥೋಡು ಸರಿಯಾಗಿ ಕಾಯದೆ ಬೇಗ ಹಾಳಾಗುತ್ತದೆ. ಮೇಸ್ತ್ರಿ ಮೇನ್ಸ್ ಟ್ರಾನ್ಸ್‌ಫಾರ್ಮರಿನ ಸುರುಳಿಯಲ್ಲಿ ಮೂರು ಕಡೆ ತಂತಿ ತೆಗೆದು, ಬೇಕಾದ ವೋಲ್ಟಿಗೆ ತಿರುಗಿಸುವ ಗುಂಡಿಯನ್ನು ಇಟ್ಟರು. ಆದರೆ ಪಂಪುಗಳು ನಿಂತೊಡನೆ ವೋಲ್ಟು ಥಟ್ಟನೆ ಏರುತ್ತದೆ. ಗುಂಡಿಯನ್ನು ಹಿಂದಕ್ಕೆ ತಿರುಗಿಸದಿದ್ದರೆ ವಾಲ್ವು ಸುಟ್ಟೀತು. ಆ ಕೆಲಸವನ್ನು ತಾಯಿಯವರು ವಹಿಸಿಕೊಂಡರು. ಅಡಿಗೆಮನೆಯಲ್ಲಿದ್ದರೂ ಹೊಳೆಯ ಕಡೆಯ ಸದ್ದು ನಿಂತದ್ದನ್ನು ಅವರು ಗುರುತಿಸಿ, ಸೆರಗಿಗೆ ಕೈಯೊರಸುತ್ತ ಬಂದು ಗುಂಡಿಯನ್ನು ತಿರುಗಿಸುತ್ತಿದ್ದರು. ವಾಲ್ವಿನ ಬಗೆಗೆ ಅವರು ಏನನ್ನೂ ಓದಿದವರಲ್ಲ. ಆದರೂ ಆ ಯಂತ್ರ ಬಾಳಿದ್ದು ಅವರ ಕೈಯಿಂದ.

ಮೊದಲ ರಾತ್ರಿ ಧಾರವಾಡದಿಂದ ಯಾರದೋ ಗಾಯನವಿತ್ತು. ತಂದೆಯವರು ಕೇಳಿ, ಬಹಳ ಹೊತ್ತಿನ ಮೇಲೆ, “ತಂಬೂರಿ ಎರಡು ಇವೆ” ಎಂದರು. ಹೊಗಳಿಕೆಯ ಮಾತನ್ನು ಅವರು ಆಡಲಿಲ್ಲ; ಆಡಬೇಕಾಗಿಯೂ ಇರಲಿಲ್ಲ. 1979ರಲ್ಲಿ ತೀರಿಕೊಳ್ಳುವವರೆಗೂ ಅವರ ಸಂಜೆಗಳು ಆ ಒಂದು ವಾಲ್ವಿನ ಬೆಳಕಿನಲ್ಲಿ ಕಳೆದವು.

ಒಂಟಿ ವಾಲ್ವೇ ಶ್ರೇಷ್ಠವೆಂದು ನಾನು ಸಾರುತ್ತಿಲ್ಲ. ಅದು ಸೇರಿಸುವ ತಾರಷಡ್ಜ ಇಂಪಾದರೂ ದೋಷವೇ. ಒಳ್ಳೆಯ ಕಬ್ಬಿಣ, ಸ್ಥಿರವಾದ ವಿದ್ಯುತ್ತು ಇರುವಲ್ಲಿ ಮುಲ್ಲಾರ್ಡಿನ ನಕ್ಷೆ ನಿಸ್ಸಂದೇಹವಾಗಿ ಮೇಲು. ಇಂದು ಟ್ರಾನ್ಸಿಸ್ಟರಿನ ಸಾಧಾರಣ ಯಂತ್ರವೂ ದೋಷದ ಅಳತೆಯಲ್ಲಿ ಇವೆರಡನ್ನೂ ಮೀರಿಸುತ್ತದೆ. ನಾನು ಹೇಳುವುದಿಷ್ಟೆ: ವಾಲ್ವನ್ನು ಆರಿಸುವುದೆಂದರೆ ವಾಲ್ವನ್ನು ಮಾತ್ರ ಆರಿಸುವುದಲ್ಲ. ಅದರ ಹಿಂದಿನ ವಿದ್ಯುತ್ತು, ಮುಂದಿನ ಕಬ್ಬಿಣ, ಎದುರಿಗಿರುವ ಕಿವಿ, ಕೆಟ್ಟರೆ ಸರಿಪಡಿಸುವ ಕೈ, ಇವೆಲ್ಲವೂ ಆ ಆಯ್ಕೆಯಲ್ಲಿ ಸೇರಿವೆ. ನಮ್ಮ ನಾಡಿನಲ್ಲಿ ಈ ಯಂತ್ರದ ಇತಿಹಾಸವನ್ನು ಬರೆಯುವವರು ನಕ್ಷೆ ಬರೆದವರ ಜೊತೆಗೆ, ಅದನ್ನು ತಮ್ಮ ಊರಿಗೆ ಹೊಂದಿಸಿದ ಹೆಸರಿಲ್ಲದ ಮೇಸ್ತ್ರಿಗಳನ್ನೂ ನೆನೆಯಬೇಕು.

2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಹರಿದಾಗ ನಮ್ಮ ಮನೆಗೂ ನೀರು ನುಗ್ಗಿತು. ನೀರಿಳಿದ ಮೇಲೆ ಕೆಸರಿನೊಳಗಿಂದ ಆಂಪ್ಲಿಫೈಯರನ್ನು ಎತ್ತಿ ತೆಗೆದೆ. ಟ್ರಾನ್ಸ್‌ಫಾರ್ಮರ್ ತುಕ್ಕು ಹಿಡಿದು ಕೆಟ್ಟಿತ್ತು. ವಾಲ್ವಿನ ಮೇಲಿನ ಅಕ್ಷರ ತೊಳೆದುಹೋಗಿತ್ತು. ಆದರೆ ಒಳಗೆ ನೀರಿನ ಹನಿಯೂ ಹೋಗಿರಲಿಲ್ಲ. ಕಾಲಿನ ಒಂಬತ್ತು ಕಡ್ಡಿಗಳನ್ನು ಉಜ್ಜಿ ಪರೀಕ್ಷಿಸಿದಾಗ ಅದು ಎಂದಿನಂತೆ ಬೆಳಗಿತು. ಇಂಥ ವಾಲ್ವುಗಳು ಈಗ ಬೆಂಗಳೂರಿನಲ್ಲಿ ತಯಾರಾಗುವುದಿಲ್ಲ; ರಷ್ಯ, ಸ್ಲೊವಾಕಿಯ, ಚೀನಗಳಿಂದ ಬರಬೇಕು. ಆದರೆ ನನ್ನ ಕೊರತೆ ವಾಲ್ವಿನದಾಗಿರಲಿಲ್ಲ. ಮತ್ತೆ ಕಬ್ಬಿಣದ್ದೇ.

ಮೇಸ್ತ್ರಿ ಆಗಲೇ ಗತಿಸಿದ್ದರು. ಕೊನೆಗೆ ಸಿರುಗುಪ್ಪದಲ್ಲಿ ಪಂಪ್‌ಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಹುಡುಗನೊಬ್ಬನ ಬಳಿಗೆ ಒಯ್ದೆ. ಹಾಡಿನ ಟ್ರಾನ್ಸ್‌ಫಾರ್ಮರನ್ನು ಅವನು ಕಂಡಿರಲಿಲ್ಲ. ನಾನು ಹಳೆಯ ಸುರುಳಿಯನ್ನು ಬಿಚ್ಚುತ್ತ ಎಣಿಸಿದೆ. ಅವನು ಅಷ್ಟೇ ಸುತ್ತುಗಳನ್ನು ಹೊಸದಾಗಿ ಸುತ್ತಿದ. ತಗಡುಗಳ ನಡುವಿನಿಂದ ಪೋಸ್ಟ್‌ಕಾರ್ಡಿನ ಚೂರು ಹೊರಬಂತು. ಶಾಯಿ ಕರಗಿ ನೀಲಿಯ ಕಲೆಯಷ್ಟೇ ಉಳಿದಿತ್ತು. “ಇದನ್ನ ಬಿಸಾಕಲೇನ್ರಿ?” ಎಂದು ಹುಡುಗ ಕೇಳಿದ. ಒಣಗಿಸಿ ಅಲ್ಲಿಯೇ ಇಡಲು ಹೇಳಿದೆ. ಸಂದಿಗೆ ಬೇಕಾದ ದಪ್ಪ ಅದರಲ್ಲಿ ಇನ್ನೂ ಇತ್ತು.